ಕಲ್ಲು ಬೆಳೆಯುವ ಹೊಲ

ಅವಳ ಹೆಸರು ಮಹಾಲಾ.
ನಮ್ಮ ಕಿವಿಗೆ ಅದು ಮಹಲು.
ಇದ್ದದ್ದು ಒಂದೇ ಕೋಣೆ, ಸದಾ ಬೆವರುವ ಇಟ್ಟಿಗೆಯ ನೆಲ,
ಏಣಿ ಹತ್ತಿದರೆ ಅಟ್ಟ; ಅಲ್ಲಿ ಒಂದೇ ಹಾಸಿಗೆಯಲ್ಲಿ
ನಾಲ್ಕು ತಲೆ, ಎಂಟು ತಣ್ಣನೆ ಕಾಲು.

ಸಫೊಕ್ ಸೀಮೆ. ಫೆಬ್ರವರಿಯ ಕೊನೆ.
ಗೋಧಿ ಇನ್ನೂ ಬೆರಳುದ್ದ.
ಮೊಳಕೆಯ ನಡುವೆ ಎಲ್ಲೆಂದರಲ್ಲಿ ಚಕಮಕಿ ಕಲ್ಲು,
ಮಂಜು ಕರಗಿದ ಮೇಲೆ ಹಲ್ಲು ಕಿರಿದ ಮಣ್ಣು.
ಗೋಣಿತಟ್ಟು ಸೊಂಟಕ್ಕೆ ಸುತ್ತಿ, ಗಂಡನ ಹಳೇ ಬೂಟಿಗೆ ಹುಲ್ಲು ತುರುಕಿ
ಬಗ್ಗಿ ಆಯುತ್ತಾಳೆ,
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.
ಉಹ್ಞೂಂ, ಆ ಹೋಲಿಕೆ ನನ್ನ ಮನೆಯದು,
ಹೊಸ್ತಿಲ ಬಿಸಿಲಲ್ಲಿ ಕೂತು ಹರಟುತ್ತ ಮಾಡುವಂಥದ್ದು.
ಇಲ್ಲಿ ಮೊರವೇ ಹನ್ನೆರಡು ಎಕರೆ,
ಅಕ್ಕಿ ಬೇರೆಯವರದು.

ಇಪ್ಪತ್ತು ಬುಶೆಲ್‌ಗೆ ಒಂದು ಗಾಡಿ. ಗಾಡಿಗೆ ಎರಡು ಶಿಲ್ಲಿಂಗ್.
ಅಳೆಯಲು ಬರುವವನು ಮೇಸ್ತ್ರಿ ಗ್ಯಾರಡ್.
ತೊಟ್ಟಿಯ ಅಂಚು ಮುಟ್ಟಿದರೆ ಸಾಲದು ಅವನಿಗೆ,
ಅಂಚಿನ ಮೇಲೆ ರಾಶಿ ಏಳಬೇಕು.
ಒಂದು ದಿನ ಕೇಳಿಯೇಬಿಟ್ಟಳು:
‘ಗಿರಣಿಯಲ್ಲಿ ಹಿಟ್ಟಿಗೆ ಕೋಲು ಎಳೆದು ತಲೆ ಸವರ್ತೀರಿ,
ನನ್ನ ಕಲ್ಲಿಗೆ ಮಾತ್ರ ಕಿರೀಟ ಬೇಕೋ?’
ಉಳಿದ ಹೆಂಗಸರು ಸೆರಗಿಲ್ಲದ ಊರಲ್ಲಿ
ಬಾನೆಟ್ಟಿನ ಅಂಚಿಗೆ ಮುಖ ಅಡಗಿಸಿ ನಕ್ಕರು.
ಆಮೇಲೆ ಹದಿನೈದು ದಿನ ಕೆಲಸವಿಲ್ಲ.
ಬೇಯಿಸಿದ ಟರ್ನಿಪ್ಪು, ಟರ್ನಿಪ್ಪು ಬೇಯಿಸಿದ ನೀರು.

ಊರ ಮುದುಕರು ಹೇಳುತ್ತಾರೆ, ಕಲ್ಲು ಬೆಳೆಯುತ್ತವೆ ಅಂತ;
ನೆಲದಾಳದಲ್ಲಿ ತಾಯಿಕಲ್ಲು ಇದೆ, ಚಳಿಗಾಲಕ್ಕೊಮ್ಮೆ ಹೆರುತ್ತೆ.
ಪಾದ್ರಿ ನಕ್ಕ. ಮಹಾಲಾ ನಗಲಿಲ್ಲ.
ಒಂಬತ್ತು ವರ್ಷದಿಂದ ಅದೇ ಹೊಲ ಆಯುತ್ತಿದ್ದಾಳೆ,
ಒಂದು ಬೊಗಸೆಯೂ ಕಡಿಮೆಯಾಗಿಲ್ಲ.
ತಾನು ಹೆತ್ತದ್ದು ಏಳು, ಉಳಿದದ್ದು ನಾಲ್ಕು.
ಕಲ್ಲಿಗೆ ಹಾಗಲ್ಲ,
ಹುಟ್ಟಿದ್ದೆಲ್ಲ ಉಳಿಯುತ್ತೆ.

ಒಮ್ಮೆ ಸಿಕ್ಕಿತ್ತು ನಡುವೆ ತೂತಿರುವ ಕಲ್ಲು.
ಕಣ್ಣಿಗೆ ಹಿಡಿದಳು: ತೂತಿನೊಳಗೆ ಬೇಲಿ, ಒಂದು ಕಾಗೆ,
ಬಟಾಣಿಯಷ್ಟು ಗ್ಯಾರಡ್.
ತೊಟ್ಟಿಗೆ ಹಾಕಲಿಲ್ಲ. ಲಂಗದ ಮಡಿಕೆಯಲ್ಲಿ ತಂದು
ಮಕ್ಕಳ ಮಂಚಕ್ಕೆ ನೇತುಹಾಕಿದಳು,
ರಾತ್ರಿ ಎದೆಯೇರಿ ಕೂರುವ ಮಾಟಗಾತಿ ಬರದಿರಲೆಂದು.
ಆ ಹೊಲದಿಂದ ಅವಳು ಕದ್ದದ್ದು ಅದೊಂದೇ.

ಆಗಸ್ಟಿನಲ್ಲಿ ಹಕ್ಕಲು.
ಎಂಟಕ್ಕೆ ಚರ್ಚಿನ ಗಂಟೆ ಹೊಡೆಯುವವರೆಗೆ
ಯಾರೂ ಗೇಟು ದಾಟುವಂತಿಲ್ಲ.
ಗಂಟೆ ಬಿತ್ತೋ, ಅದೇ ಬೆನ್ನು, ಅದೇ ಬಾಗು,
ಆದರೆ ಕೈ ಬೇರೆ. ಈ ಕೈಗೆ ಅವಸರವಿದೆ, ಹಾಡೂ ಇದೆ:
ಬಿದ್ದ ತೆನೆ ಅವಳದು.
ಉದುರಿದ ಕಾಳನ್ನೂ ನಾಲಿಗೆಯಿಂದ ಬೆರಳು ಒದ್ದೆ ಮಾಡಿ ಎತ್ತುತ್ತಾಳೆ.

ಮದುವೆಯ ದಿನ ಚರ್ಚಿನ ಪುಸ್ತಕದಲ್ಲಿ
ಅವಳು ಎಳೆದದ್ದು ಎರಡು ಗೀಟು, ಒಂದರ ಮೇಲೊಂದು ಅಡ್ಡ.
ಪೆನ್ನು ಹಿಡಿದದ್ದು ಆಗ ಮಾತ್ರ.

ಆದರೆ ಆಯ್ದ ಕಲ್ಲೆಲ್ಲ ಹೋಗಿದ್ದು ರಸ್ತೆಗೆ.
ಸಂತೆಯ ದಿನ ದೊಡ್ಡ ಮಗಳು ಕೆಜಾಯಾಳ ಕೈಹಿಡಿದು
ಅದೇ ರಸ್ತೆಯಲ್ಲಿ ನಡೆಯುತ್ತಾ ತೋರಿಸುತ್ತಾಳೆ:
‘ಗಿರಣಿಯಿಂದ ಈ ಓಕ್ ಮರದವರೆಗೆ, ನೀನು ಹುಟ್ಟಿದ ವರ್ಷದ್ದು.
ಇಲ್ಲಿಂದಾಚೆ ನಿಮ್ಮಪ್ಪ ಗಾಡಿಯಿಂದ ಬಿದ್ದು ಕಾಲು ಮುರಕೊಂಡಾಗಿನದು,
ನೋಡು, ಎಷ್ಟು ಉದ್ದ, ಆ ವರ್ಷ ನಾನೊಬ್ಬಳೇ.
ಈ ಕೆಂಚು ಕಲ್ಲು ಕೆಳಗಿನ ಹೊಲದ್ದು, ಅಲ್ಲಿ ಮಣ್ಣೇ ಹಾಗೆ.’
ಜಮೀನುದಾರನ ಗಾಡಿ ಬಂತು, ಇಬ್ಬರೂ ಚರಂಡಿಗಿಳಿದು ನಿಂತರು,
ಗಾಡಿ ಹೋಯಿತು, ಮತ್ತೆ ಹತ್ತಿದರು.

‘ಮತ್ತೆ ಎಬನ್‌ದು ಎಲ್ಲಮ್ಮಾ?’

ನಾಲ್ಕು ಹೆಜ್ಜೆ ನಡೆದಳು.
ಬುಟ್ಟಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು.
‘ಮೆಲ್ಲಗೆ,’ ಅಂದಳು, ‘ಇಲ್ಲಿ ಸ್ವಲ್ಪ ಚೂಪಿದೆ.’